ಕಣ್ಣಿಗೆ ಕಾಣದವರ ವ್ಯಾನು

ನಾನು ಸುಮ್ಮನಿದ್ದರೂ ಎಡವಟ್ಟುಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಲಾರಿ ಕ್ಲೀನರ್, ಮಾವಿನ ಮಂಡಿ, ಬೇಕರಿ, ಎಲ್ಲೂ ಆರು ತಿಂಗಳು ನಿಂತಿಲ್ಲ. ಈಗ ಒಬ್ಬ ಮೇಡಂ ಜೊತೆ ವಿಜ್ಞಾನದ ವ್ಯಾನು ಓಡಿಸುತ್ತೇನೆ. ಶಾಲೆ ಶಾಲೆಗೆ ಹೋಗಿ, ಮೈಕ್ರೋಸ್ಕೋಪ್ ಇಟ್ಟು, ಕಣ್ಣಿಗೆ ಕಾಣದ ಜೀವಿಗಳನ್ನು ಮಕ್ಕಳಿಗೆ ತೋರಿಸುವ ಕೆಲಸ. ಬಿಟ್ಟುಹೋಗಬೇಕು ಅನ್ನಿಸದ ಮೊದಲ ಕೆಲಸ ಇದು. ಅಷ್ಟರಲ್ಲಿ ಸುದ್ದಿ ಬಂತು: ತಿಂಗಳ ಕೊನೆಗೆ ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡ್ತಾರೆ, ಮಕ್ಕಳ ತಲೆಗೆ ಏನೂ ಹತ್ತಿಲ್ಲ ಅಂದರೆ ವ್ಯಾನು ಬಂದ್.

ಸುಗಟೂರಿನ ಮೊಸರು

ಶಾಲೆ ಎದುರಿನ ಡೇರಿಗೆ ಹಾಲು ಹಾಕಲು ಬಂದ ಅಜ್ಜಿಯೊಬ್ಬರು ಕ್ಯಾನು ಕೆಳಗಿಟ್ಟು, ಮಕ್ಕಳನ್ನು ಸರಿಸಿ, ಮೊಸರಿನ ಹನಿ ಇಟ್ಟಿದ್ದ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು.

"ಏನಮ್ಮಾ ಇವು, ಕಡ್ಡಿ ಕಡ್ಡಿಯಾಗಿ?"

"ಬ್ಯಾಕ್ಟೀರಿಯಾ ಅಜ್ಜಿ. ಹೆಪ್ಪಿನಲ್ಲಿರೋ ಇವೇ ಹಾಲನ್ನ ಮೊಸರು ಮಾಡೋದು," ಅಂದರು ಮೇಡಂ.

ಅಜ್ಜಿಯ ಮುಖ ಸಣ್ಣದಾಯಿತು. "ನನ್ನ ಕೈಗುಣಕ್ಕೇ ಮೊಸರು ಗಟ್ಟಿಯಾಗೋದು ಅಂತ ಊರೆಲ್ಲಾ ಹೇಳ್ಕೊಂಡು ಬಂದಿದೀನಿ. ನಮ್ಮ ಸೊಸೆಗೆ ಮಾತ್ರ ಇದನ್ನ ತೋರಿಸ್ಬೇಡ ತಾಯಿ!"

ನಂಗಲಿಯ ಪಂದ್ಯ

"ಮುಂದಿನ ವಾರ ನಿಮ್ಮ ಬೆರಳು ಈ ಗಾಜಿನ ತಟ್ಟೆಗಳಿಗೆ ಒತ್ತಿಸ್ಕೊಂಡು ಹೋಗ್ತೀವಿ, ಯಾರ ತಟ್ಟೇಲಿ ಹೆಚ್ಚು ಬ್ಯಾಕ್ಟೀರಿಯಾ ಬೆಳೆಯುತ್ತೋ ನೋಡೋಣ," ಅಂದಿದ್ದರು ಮೇಡಂ. ತೊಳೆದ ಕೈ ಚೊಕ್ಕ ಅಂತ ತೋರಿಸುವುದು ಅವರ ಲೆಕ್ಕ.

ಆ ವಾರ ಹೋದಾಗ ಒಬ್ಬ ಹುಡುಗಿಯ ತಾಯಿ, ಮನೇಲಿ ಉರ್ದು ಮಾತಾಡುವವರು, ಗೇಟಲ್ಲೇ ತಡೆದರು.

"ಕ್ಯಾ ಭಾಯ್, ಫಸ್ಟ್ ಬರ್ಬೇಕು ಅಂತ ಇವಳು ಮೂರು ದಿನದಿಂದ ಕೈ ತೊಳೆದಿಲ್ಲ. ಊಟ ನಾನೇ ತಿನ್ನಿಸ್ತಿದೀನಿ. ನಿಮ್ಮ ಪಂದ್ಯ ಬೇಗ ಮುಗಿಸಿ!"

ಯಲ್ದೂರಿನ ಗುಂಡಿ

ಸಾಹೇಬರು ಬರುವ ದಿನವೇ ಮೇಡಂಗೆ ಗಂಟಲು ಕಟ್ಟಿತು. ನೀವೇ ಹೇಳಿ ಅಂತ ಸನ್ನೆ ಮಾಡಿದರು. ಇಷ್ಟು ದಿನ ಕಿಟಕಿ ಹೊರಗೆ ನಿಂತು ಕೇಳಿದ್ದ ಅವರ ಪಾಠವನ್ನೇ ಒಪ್ಪಿಸಿದೆ.

"ಆರ್ಕಿಯಾ ನೋಡೋಕೆ ಬ್ಯಾಕ್ಟೀರಿಯಾ ಥರಾನೇ, ಆದ್ರೆ ವಂಶ ಬೇರೆ. ಕೆಲವು ಕುದಿಯೋ ನೀರಲ್ಲಿರ್ತವೆ, ಕೆಲವು ಉಪ್ಪಲ್ಲಿ, ಕೆಲವು ಗಾಳಿಯಾಡದ ಸಗಣಿ ಗುಂಡೀಲಿ. ಗೋಬರ್ ಗ್ಯಾಸ್ ಮಾಡೋದು ಅವೇ. ಬನ್ನಿ, ತೋರಿಸ್ತೀನಿ."

ಶಾಲೆ ಪಕ್ಕದ ಮನೆಯ ಅಜ್ಜಿಗೆ, ನಿಮ್ಮ ಗ್ಯಾಸ್ ಗುಂಡಿ ನೋಡೋಕೆ ಬರ್ತೀವಿ ಅಂತ ವಾರದ ಹಿಂದೆಯೇ ಹೇಳಿಟ್ಟಿದ್ದೆ. ಸಾಹೇಬರ ಮುಂದೆ ಅವರ ಗ್ಯಾಸ್ ಒಲೆಗೆ ಕಡ್ಡಿ ಗೀರಿದೆ. ಹತ್ತಲಿಲ್ಲ. ಇನ್ನೊಂದು, ಮತ್ತೊಂದು. ಸಾಹೇಬರು ವಾಚು ನೋಡಿಕೊಂಡರು.

"ಏನಜ್ಜಿ ಇದು?" ಅಂದೆ.

"ಕ್ರಿಮಿ ನೋಡೋಕೆ ದೊಡ್ಡೋರು ಬರ್ತಾರೆ ಅಂದಿದ್ಯಲ್ಲ ನಾಯನಾ. ನಮ್ಮನೆ ಮಾನ ಹೋಗ್ಬಾರ್ದು ಅಂತ ವಾರವೆಲ್ಲಾ ಗುಂಡಿಗೆ ಫಿನಾಯಿಲ್ ಹೊಯ್ದೆ. ಹುಡುಕು ಬೇಕಾದ್ರೆ, ಒಂದೂ ಉಳಿದಿಲ್ಲ!"

ಮುಗೀತು ನನ್ನ ಕೆಲಸ ಅಂದುಕೊಂಡೆ. ಜೊತೆಗೆ ಬಂದಿದ್ದ ಮಕ್ಕಳ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. "ಸಾರ್, ಆರ್ಕಿಯಾ ಸತ್ತೋದ್ವು. ಅದಕ್ಕೇ ಗ್ಯಾಸಿಲ್ಲ."

ಸಾಹೇಬರ ಹುಬ್ಬು ಏರಿತು. "ಮತ್ತೆ ಬರಬೇಕಾದ್ರೆ?"

"ಫಿನಾಯಿಲ್ ನೀರು ತೆಗೆದು, ಬೇರೆ ಗುಂಡೀದು ಹೆಪ್ಪು ಹಾಕ್ಬೇಕು ಸಾರ್!" ಇಡೀ ಕ್ಲಾಸು ಕೂಗಿತು.

ಸಾಹೇಬರು ಜೋರಾಗಿ ನಕ್ಕರು. "ವ್ಯಾನು ಓಡಲಿ."

"ಓಡುತ್ತಲ್ಲಾ," ಅಂದರು ಅಜ್ಜಿ, "ಹಂಗಾದ್ರೆ ಹೆಪ್ಪು ಅದರಲ್ಲೇ ತಂದುಕೊಡು ನಾಯನಾ."

ಗುಂಡಿ ಖಾಲಿ ಮಾಡಿದ ಮಾರನೇ ದಿನ ವಿಜ್ಞಾನದ ವ್ಯಾನು ಪಕ್ಕದೂರಿಂದ ನಾಲ್ಕು ಡ್ರಮ್ಮು ಸಗಣಿ ನೀರು ಹೊತ್ತು ಬಂತು. ಮೈಕ್ರೋಸ್ಕೋಪನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದ ಮೇಡಂಗೆ ಮೂಗು ಮುಚ್ಚಿಕೊಳ್ಳಲು ಕೈಯಿರಲಿಲ್ಲ, ನನ್ನನ್ನು ಬೈಯಲು ಗಂಟಲಿರಲಿಲ್ಲ.