ಡಾಕಪ್ಪ ಮಾಸ್ತರರ ಬಯಲು ಪಾಠ

ವೀರೇಂದ್ರ ಮಾಸ್ತರನಿಗೆ ನಾಲ್ಕು ಗೋಡೆ ಕಂಡರೆ ಉಸಿರು ಕಟ್ಟುತ್ತಿತ್ತು. ಕಾಗಿನೆಲೆ ದಾರಿಯಲ್ಲಿದ್ದ ಆ ಹಳ್ಳಿಯ ಶಾಲೆಗೆ ಸರಕಾರ ಆಗಷ್ಟೇ ಹೊಸ ಕೋಣೆ ಕಟ್ಟಿಸಿ, ಫ್ಯಾನು ಹಾಕಿಸಿ ಕೊಟ್ಟಿತ್ತು. ವೀರೇಂದ್ರ ಮಾತ್ರ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಕಟ್ಟಿಕೊಂಡು ಅಂಗಳದ ಹುಣಸೆಮರದ ಕೆಳಗೇ ಕೂರುತ್ತಿದ್ದ. ಹೊಸ ಕೋಣೆಯಲ್ಲಿ ಬಿಸಿಯೂಟದ ಅಕ್ಕಿಚೀಲಗಳು ಫ್ಯಾನಿನ ಗಾಳಿ ತಿನ್ನುತ್ತಿದ್ದವು.

"ಅಲ್ರೀ ಸರ್, ಆ ಖೋಲಿ ಏನ್ ಮುಟ್ಟಿದ್ರ ಸುಡತೈತೇನ್ರಿ?" ಎಂದು ಮುಖ್ಯೋಪಾಧ್ಯಾಯಿನಿ ಅರುಣಾ ಅಕ್ಕೋರು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ. "ನಮ್ಮ ಡಾಕಪ್ಪ ಮಾಸ್ತರು ಹಿಂಗ ಕಲಿಸ್ಯಾರ್ರಿ ನಮಗ."

ಡಾಕಪ್ಪ ಮಾಸ್ತರರೆಂದರೆ ವೀರೇಂದ್ರನಿಗೆ ಇಡೀ ಬಾಲ್ಯ. ಗುತ್ತಲದ ಹತ್ತಿರದ ಹುಟ್ಟೂರು, ಊರ ಹೊರಗೆ ಬೇವಿನಮರ, ಅದರ ಬುಡದಲ್ಲಿ ಕುರ್ಚಿ ಹಾಕಿ ಕೂತ ಮಾಸ್ತರರು, ಹೊಳೆಯ ಕಡೆಯಿಂದ ಬರುವ ತಂಪು ಗಾಳಿ. ನೆರಳು ನೋಡಿ ಹೊತ್ತು ಹೇಳುವುದು, ಕೂಗು ಕೇಳಿ ಹಕ್ಕಿ ಗುರುತಿಸುವುದು, ಕಣ್ಣು ಮುಚ್ಚಿಕೊಂಡೇ ಬೆರಳಲ್ಲಿ ತಿಕ್ಕಿ ಕಪ್ಪು ಎರೆಮಣ್ಣು ಯಾವುದು, ಕೆಂಪು ಮಸಾರಿ ಯಾವುದು ಎನ್ನುವುದು, ಎಲ್ಲ ಅವನು ಕಲಿತದ್ದು ಅಲ್ಲಿಯೇ. ಈಗಲೂ ಬೇವಿನ ಹೂವಿನ ವಾಸನೆ ಬಂದರೆ ಬಾಯಿಗೆ ತಾನಾಗಿ ಮಗ್ಗಿ ಬರುತ್ತಿತ್ತು.

ಕೊನೆಗೆ ಅಕ್ಕೋರು ಬೇಸತ್ತು ಮೇಲಕ್ಕೆ ಬರೆದರು. ತಾವೇ ಬಂದು ನೋಡಿ ತೀರ್ಮಾನ ಹೇಳುವುದಾಗಿ ಶಿಕ್ಷಣ ಇಲಾಖೆಯ ಸಾಹೇಬರು ತಿಳಿಸಿದರು. ವೀರೇಂದ್ರ ಹೆದರಲಿಲ್ಲ. ರಾಣೆಬೆನ್ನೂರಿನಲ್ಲಿ ಮಗಳ ಮನೆಯಲ್ಲಿದ್ದ ಡಾಕಪ್ಪ ಮಾಸ್ತರರನ್ನೇ ಹಿಂದಿನ ದಿನವೇ ಬಸ್ಸಿನಲ್ಲಿ ಕರೆತಂದ. ಸಾಕ್ಷಾತ್ ಗುರುಗಳೇ ಎದುರಿಗಿದ್ದರೆ ಯಾವ ಸಾಹೇಬ ಏನೆಂದಾನು?

ಆದರೆ ಬೆಳಿಗ್ಗೆ ಅವರನ್ನು ಮರದ ಕೆಳಗೆ ಕೂರಿಸಿ ಅಂಗಳ ನೋಡಿದರೆ ನೆರಳಿನ ಅಂಚಿನವರೆಗೂ ಕೆಂಪೋ ಕೆಂಪು. ಪಕ್ಕದ ಮನೆಯ ಮೈಲವ್ವ ಮೆಣಸಿನಕಾಯಿ ಒಣಹಾಕಿದ್ದಳು.

"ಮೈಲವ್ವ, ಇವತ್ತ ಸಾಹೇಬ್ರು ಬರಾಕತ್ತಾರ. ಒಂದೀಟ ಸರಿಸಬೇ."

"ಬರ್ಲಿ ಬಿಡ್ರಿ. ಹೊರಗ ಇರೂದೆಲ್ಲಾ ಪಾಠಾನ ಅಂತ ನೀವ ಹೇಳೀರಲ್ಲ. ಇದೂ ಒಂದ ಪಾಠ ಅಂತ ತಿಳೀರಿ."

ವೀರೇಂದ್ರನ ಮಾತು ಅವನಿಗೇ ತಿರುಗಿ ಬಂದಿತ್ತು. ಮೆಣಸಿನಕಾಯಿಯನ್ನೇ ಪಾಠ ಮಾಡಿದ. ಮಕ್ಕಳು ಕಾಯಿಯ ಸುಕ್ಕು ನೋಡಿದರು, ಬೆರಳಿಂದ ಉದ್ದ ಅಳೆದರು. ಒಬ್ಬ ಮುರಿದು ಬೀಜ ಎಣಿಸತೊಡಗಿದ್ದೇ ತಡ, ಎಲ್ಲರೂ ಮುರಿದರು. ಅದನ್ನು ಕಂಡ ಮೈಲವ್ವ ಪೊರಕೆ ಹಿಡಿದು ಓಡಿಬಂದಳು. ಪೊರಕೆ ತಮಗೇ ಎಂದುಕೊಂಡ ಅವಳ ಆಡುಗಳು ಬೆದರಿ, ಹರವಿದ ಕಾಯಿಯ ನಟ್ಟನಡುವೆ ನುಗ್ಗಿದವು. ಕೆಂಪು ಧೂಳು ಎದ್ದಿತು. ಮೊದಲು ಒಂದು ಸೀನು, ಆಮೇಲೆ ಹತ್ತು, ಆಮೇಲೆ ಇಡೀ ತರಗತಿ ಮದುವೆ ಮನೆಯ ಪಟಾಕಿ ಸರದಂತೆ ಸಿಡಿಯಿತು.

"ಸುಮ್ನ ಸೀನತಾರ ನೋಡ್ರಿ," ಎಂದಳು ಮೈಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು. "ಬ್ಯಾಡಗಿ ಕಾಯಿಗೆ ಬಣ್ಣಾ ಇರತೈತಿ, ಖಾರ ಎಲ್ಲೈತಿ?"

ಸರಿಯಾಗಿ ಆಗಲೇ ಸಾಹೇಬರ ಜೀಪು ಬಂದು ನಿಂತಿತು. ಮೈಸೂರು ಕಡೆಯ ಅವರು ಬಿಳಿ ಅಂಗಿ ತೊಟ್ಟು ಇಳಿದು, "ಏನ್ರೀ ಇದು" ಎನ್ನಲು ಬಾಯಿ ತೆರೆದರು. ಮಾತಿನ ಬದಲು ಸೀನು ಬಂತು. ಚಳಿಗೆ ಸ್ಟಾರ್ಟ್ ಆಗದ ಲಾರಿಯಂತೆ ನಿಂತಲ್ಲೇ ಅದುರುತ್ತ ಸೀನಿದರು. ಅಕ್ಕೋರ ಮುಖ ಅರಳಿತು.

ಆಗ ನೀಲಾ ಎಂಬ ಹುಡುಗಿ ಕಣ್ಣೀರು ಒರೆಸಿಕೊಳ್ಳುತ್ತ ಎದ್ದಳು. "ಸಾಹೇಬ್ರ, ಗಾಳಿ ಮೂಡಲ ಕಡಿಂದ ಬೀಸಾಕತ್ತೈತ್ರಿ. ನೀವು ಅದಕ ಎದುರ ನಿಂತೀರಿ. ಕಾಯಿ ದಾಟಿ ಈ ಕಡೆ ಬರ್ರಿ."

ಸಾಹೇಬರು ದಾಟಿ ಬಂದರು. ಸೀನು ನಿಂತಿತು. "ಗಾಳಿಯ ದಿಕ್ಕು ಹೇಗಮ್ಮ ಗೊತ್ತಾಯ್ತು?"

"ಧೂಳ ಎತ್ತಾಗ ಹೊಂಟೈತಿ ನೋಡಿದ್ನಿರಿ."

ಸಾಹೇಬರು ಕರವಸ್ತ್ರ ಮಡಿಸಿಟ್ಟು ನಕ್ಕರು. "ಇದನ್ನ ಕೋಣೆ ಒಳಗೆ ಕಲಿಸೋಕಾಗಲ್ಲ ಬಿಡಿ."

ವೀರೇಂದ್ರನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಂದೇನಿಲ್ರಿ ಸರ್. ಎಲ್ಲಾ ಈ ನಮ್ಮ ಗುರುಗಳದು. ಅವರು ಹೆಂಗ ಮಾಡ್ಯಾರ, ನಾನೂ ಹಂಗ. ಒಂದೆಳಿ ಆಚೀಚೆ ಮಾಡಿಲ್ಲ."

ಸಾಹೇಬರು ಡಾಕಪ್ಪ ಮಾಸ್ತರರಿಗೆ ಕೈಮುಗಿದರು. "ಆ ಕಾಲದಲ್ಲೇ ಮರದ ಕೆಳಗೆ ಪಾಠ ಮಾಡೋ ಯೋಚನೆ ನಿಮಗೆ ಹೇಗೆ ಬಂತು?"

ಮುದುಕರಿಗೆ ಸಂತೋಷವಾಯಿತು. ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.

"ಖೋಲ್ಯಾಗ ಭಾಳ ಸೆಕಿರಿ ಸಾಹೇಬ್ರ, ನಿದ್ದೀನ ಹತ್ತತಿರಲಿಲ್ಲ. ಗಿಡದ ಬುಡಕ ತಂಪ. ಮತ್ತ ಅಲ್ಲಿಂದ ಗುತ್ತಲದ ರಸ್ತಾ ನೆಟ್ಟಗ ಕಾಣತಿತ್ತು. ಇನ್‌ಸ್ಪೆಕ್ಟರು ಬಸ್ ಇಳದು ನಡಕೋತ ಬರೂದರಾಗ ಎದ್ದು, ಮಾರಿ ತೊಳಕೊಂಡು, ಬೋರ್ಡಿನ ಮ್ಯಾಲ ತಾರೀಖ ಬರದು ನಿಂದರತಿದ್ದೆ. ಒಮ್ಮೆನೂ ಸಿಕ್ಕಿಲ್ಲ ನೋಡ್ರಿ."

ಸಾಹೇಬರು ಹುಣಸೆಮರ ನೋಡಿದರು. ಅಲ್ಲಿಂದ ನೆಟ್ಟಗೆ ಕಾಣುತ್ತಿದ್ದ ಕಾಗಿನೆಲೆ ರಸ್ತೆ ನೋಡಿದರು. ಆಮೇಲೆ ವೀರೇಂದ್ರನನ್ನು ನೋಡಿದರು.

"ಒಂದೆಳೆಯೂ ಆಚೀಚೆ ಮಾಡಿಲ್ಲ ಅಂದ್ರಿ," ಎಂದರು. "ನಾಳೆಯಿಂದ ಕೋಣೆ ಒಳಗೆ ಕೂತ್ಕೊಳ್ಳಿ."

ಅಕ್ಕೋರು ಆಗಲೇ ಅಕ್ಕಿಚೀಲ ಸರಿಸಲು ಹೊರಟಿದ್ದರು.

ಸಂಜೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗುರುಶಿಷ್ಯರು ಕೂತರು.

"ಯಾಕೋ ವೀರಾ, ನಾ ಏನರ ತಪ್ಪ ಹೇಳಿದ್ನೇನು?"

"ಇಲ್ರಿ ಸರ್." ವೀರೇಂದ್ರ ಗುರುಗಳತ್ತ ತಿರುಗಿದ. "ಮತ್ತ ಆ ಹಕ್ಕಿ ಹೆಸರು, ಮಣ್ಣು, ನೆರಳು ನೋಡಿ ಹೊತ್ತು ಹೇಳೂದು, ಇವನ್ನೆಲ್ಲಾ ನಮಗ ಯಾರ್ರಿ ಕಲಿಸಿದ್ದು?"

"ಯಾರಿಗ್ಗೊತ್ತಪ. ನನಗ ಎಚ್ಚರ ಆದಾಗೆಲ್ಲಾ ನೀವ ಒಬ್ಬರಿಗೊಬ್ಬರು ಹೇಳಕೋತ ಇರತಿದ್ರಿ. ಶ್ಯಾಣ್ಯಾ ಹುಡುಗ್ರು ಅಂತ ಮತ್ತ ಕಣ್ಣು ಮುಚ್ಚತಿದ್ದೆ."

ಬಸ್ಸು ಬಂತು. ವೀರೇಂದ್ರ ಗುರುಗಳನ್ನು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಕೆಳಗಿಳಿದು ನೋಡುವಷ್ಟರಲ್ಲಿ ಅವರ ತಲೆ ಎದೆಯ ಮೇಲೆ ಬಾಗಿತ್ತು. ಬೇವಿನಮರದ ಕೆಳಗೆ ಅವರು ಹೀಗೆ ಕೂತಾಗ, ಮಾಸ್ತರರು ದೊಡ್ಡದೇನನ್ನೋ ಯೋಚಿಸುತ್ತಿದ್ದಾರೆ, ಗದ್ದಲ ಮಾಡಬಾರದು ಎಂದು ಮಕ್ಕಳೆಲ್ಲ ಪಿಸುಗುಟ್ಟುತ್ತಿದ್ದರು.

ಅವನು ಕಂಡಕ್ಟರನ ಬಳಿ ಹೋಗಿ, ಅದೇ ಪಿಸುದನಿಯಲ್ಲಿ ಹೇಳಿದ:

"ರಾಣೆಬೆನ್ನೂರಾಗ ಸಾವಕಾಶ ಎಬ್ಬಿಸ್ರಿ. ನಮ್ಮ ಮಾಸ್ತರು."