ಬಾಟಲಿಗೊಂದು ಗುಳಿಗೆ ಕಡಿಮೆ

ಪ್ರಶ್ನೆ ಕೇಳುವ ಚಟ ಇದ್ದವನ ಮನೆಗೆ ಫಜೀತಿಗಳು ತಾವಾಗಿಯೇ ದಾರಿ ಹುಡುಕಿಕೊಂಡು ಬರುತ್ತವೆ. ನಾನು ದೋಣಿಮಲೈ ಗಣಿಯ ಸ್ಟಾಫ್ ಬಸ್ಸಿನ ಡ್ರೈವರ್. ಎಲ್ಲೋ ಒಂದು ಸಣ್ಣ ಸದ್ದು ಬಂದರೂ ಬಾನೆಟ್ ಎತ್ತಿ ನೋಡದೆ ಬಿಡುವವನಲ್ಲ. ಹೋದ ವರ್ಷ ನನ್ನದೇ ಬಾನೆಟ್ ಎತ್ತುವ ಕಾಲ ಬಂತು. ನಮ್ಮಪ್ಪ ಐವತ್ತಕ್ಕೆ ಎದೆ ಹಿಡಿದುಕೊಂಡು ಹೋದ. ಅಣ್ಣ ಐವತ್ತೆರಡಕ್ಕೆ. ನನಗೀಗ ಐವತ್ತೊಂದು. ಎರಡು ಥರದ ಗುಳಿಗೆ ನುಂಗಿದರೂ ಕೊಲೆಸ್ಟ್ರಾಲ್ ಇಳಿಯಲಿಲ್ಲ.

"ಇದು ನಿಮ್ಮ ಮನೆತನದಿಂದಲೇ ಬಂದದ್ದು. ಹೊಸ ಔಷಧಿಯನ್ನು ಜನರ ಮೇಲೆ ಪರೀಕ್ಷೆ ಮಾಡಿ ನೋಡ್ತಾರೆ, ಅದಕ್ಕೆ ಟ್ರಯಲ್ ಅಂತಾರೆ. ಎಲ್ಲಾದರೂ ನಡೀತಿದ್ರೆ ಸೇರಿಕೊಳ್ಳಿ" ಎಂದರು ಡಾಕ್ಟರು. ಹೆದರಿಕೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹೆದರಿಕೆಗಿಂತ ಒಂದು ಹಿಡಿ ಹೆಚ್ಚಾಗಿ ಕುತೂಹಲವೂ ಆಯಿತು.

೧. ಬಸ್ಸಿನೊಳಗಿನ ಸಂದರ್ಶನ

ಸ್ಟಾಫ್ ಬಸ್ಸಿನಲ್ಲಿ ಗುಟ್ಟು ಎಂಬುದಿಲ್ಲ. ಶಿಫ್ಟ್ ಬಿಡುವುದನ್ನು ಕಾಯುತ್ತ ಬಸ್ ನಿಲ್ಲಿಸಿಕೊಂಡಿದ್ದಾಗ, ಮುಂದಿನ ಸೀಟಿನ ಲ್ಯಾಬ್ ಮೇಡಂ ಹತ್ತಿರ ವಿಷಯ ತೆಗೆದೆ. ಅವರು ಮೊಬೈಲಿನಲ್ಲಿ ಯಾವುದೋ ಪಟ್ಟಿ ತೆಗೆದು ಹುಡುಕುತ್ತ ಹೋದರು. ಅಷ್ಟರಲ್ಲಿ ಬಸ್ ತುಂಬಿತು.

"ಅಣ್ಣಾ, ಹೊಸಪೇಟಿಯಾಗ ಒಂದು ಐತ್ರಿ! ಯಾರನ್ನ ತಗೋತಾರ ಅಂತ ಶರತ್ತು ಬರದಾರ. ಒಂದೊಂದ ಓದ್ತೀನಿ, ಹೇಳ್ರಿ."

ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.

"ವಯಸ್ಸು ಹದಿನೆಂಟರ ಮ್ಯಾಲೆ?"

"ವಯಸ್ಸು ಮ್ಯಾಲೆ ಐತ್ರಿ, ಬುದ್ಧಿ ಅಷ್ಟ ಕೆಳಗ" ಎಂದಿತು ಮೂರನೇ ಸಾಲು.

"ಬೀಡಿ ಸಿಗರೇಟು?"

"ಬಿಟ್ಟಾನ್ರಿ. ನನ್ನ ಕಡೆ ಬೇಡಿ ಸೇದೋದನ್ನೂ ಬಿಟ್ಟಾನ."

"ಕುಡಿಯೋದು?"

ಇಡೀ ಬಸ್ ಕಿಟಕಿಯ ಹೊರಗೆ ನೋಡತೊಡಗಿತು. ಕೊನೆಗೆ ಹಿಂದಿನ ಸೀಟಿನ ಫಿಟ್ಟರ್ ಹೇಳಿದ, "ಅದನ್ನ ಕೊನೀಗೆ ಕೇಳ್ರಿ ಮೇಡಂ, ಮುಂದಿಂದ ಓದ್ರಿ."

ಮೇಡಂ ಮುಂದಿನದನ್ನು ಓದಿದರು. "ಗರ್ಭಿಣಿಯರು ಸೇರುವಂತಿಲ್ಲ."

ಫಿಟ್ಟರ್ ಎದ್ದು ಬಂದು ಸ್ಟೀರಿಂಗಿಗೆ ತಾಗಿಕೊಂಡಿದ್ದ ನನ್ನ ಹೊಟ್ಟೆಯನ್ನು ಸಾವಕಾಶವಾಗಿ ನೋಡಿದ. "ಯಾವುದಕ್ಕೂ ಒಮ್ಮೆ ಸ್ಕ್ಯಾನಿಂಗ್ ಮಾಡಿಸಿಬಿಡ್ರಿ" ಎಂದ.

೨. ಸ್ವಂತ ನಿರ್ಧಾರ

ಹೊಸಪೇಟೆಯ ಆಸ್ಪತ್ರೆಗೆ ಹೆಂಡತಿಯನ್ನು ಕರೆದುಕೊಂಡು ಹೋದೆ. ಅವಳು ಕಂಪ್ಲಿಯವಳು, ಅಂಗಡಿ ಮನೆತನ. ಮೂಟೆ ಬಿಚ್ಚಿ ನೋಡದೆ ಅಕ್ಕಿಯನ್ನೂ ಕೊಳ್ಳುವವಳಲ್ಲ.

ಅಲ್ಲಿನ ಡಾಕ್ಟರು ಸಮಾಧಾನದಿಂದ ವಿವರಿಸಿದರು. ಈಗಿನ ಗುಳಿಗೆ ಬಿಡುವಂತಿಲ್ಲ. ಅದರ ಜೊತೆ ಕೆಲವರಿಗೆ ಹೊಸ ಔಷಧಿ, ಕೆಲವರಿಗೆ ನೋಡಲು ಹಾಗೆಯೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಆರಿಸುತ್ತದೆ.

"ನಮಗ ಯಾವುದು ಅಂತ ನಿಮಗ ಗೊತ್ತಿರ್ತೈತೇನ್ರಿ?" ಎಂದಳು ಹೆಂಡತಿ.

"ಇಲ್ಲಮ್ಮ. ನನಗೂ ಗೊತ್ತಿರಲ್ಲ, ಇವರಿಗೂ ಗೊತ್ತಿರಲ್ಲ."

"ಕೊಡೋರಿಗೂ ಗೊತ್ತಿಲ್ಲ, ನುಂಗೋರಿಗೂ ಗೊತ್ತಿಲ್ಲ. ಆತು, ಫಾರಂ ಓದ್ರಿ."

ಅಲ್ಲಿನ ಸಿಸ್ಟರ್ ಅಷ್ಟೂ ಪುಟಗಳನ್ನು ಗಟ್ಟಿಯಾಗಿ ಓದಿದರು. ನಾನು ಖಾಲಿ ಗುಳಿಗೆಯನ್ನು ಯಾತರಿಂದ ಮಾಡುತ್ತಾರೆ, ಅದಕ್ಕೂ ಕಹಿ ಬೆರೆಸುತ್ತಾರೋ ಏನೋ ಎಂದು ಯೋಚಿಸುತ್ತ ಕೂತಿದ್ದೆ. ಒಂಬತ್ತನೇ ಪುಟಕ್ಕೆ ಬಂದಾಗ ಹೆಂಡತಿ ಕೈ ಎತ್ತಿ ನಿಲ್ಲಿಸಿ, ಅದನ್ನು ಎರಡು ಸಲ ಓದಿಸಿದಳು. ಈ ಗುಳಿಗೆಯನ್ನು ಬೇರೆ ಯಾರೂ ನುಂಗಬಾರದು, ನಾನು ಡಾಕ್ಟರನ್ನು ಕೇಳದೆ ಬೇರೆ ಹೊಸ ಗುಳಿಗೆ ನುಂಗಬಾರದು ಎಂದಿತ್ತು.

"ಈಗ ನೀವೊಬ್ಬರೇ ನಿರ್ಧಾರ ಮಾಡಬೇಕು. ಯಾರ ಒತ್ತಾಯವೂ ಇರಬಾರದು" ಎಂದರು ಡಾಕ್ಟರು.

ನಾನು ಹೆಂಡತಿಯ ಮುಖ ನೋಡಿದೆ.

"ಅವರನ್ನ ನೋಡಬೇಡಿ. ಸ್ವಂತ ನಿರ್ಧಾರ."

"ಅಕಿನ್ನ ನೋಡ್ಲಾರದ ನನ್ನ ನಿರ್ಧಾರ ಏನಂತ ನನಗ ಹೆಂಗ ಗೊತ್ತಾಗಬೇಕು ಸಾರ್?" ಎಂದೆ.

೩. ಖಾಲಿ ಹೊಟ್ಟೆ

ಸಹಿ ಆದ ಮೇಲೆ ರಕ್ತಪರೀಕ್ಷೆ. ಅದರಲ್ಲಿ ಸರಿಬಂದರೆ ಮಾತ್ರ ಸೇರಿಸಿಕೊಳ್ಳುವುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು. ದೂರವಾಗುತ್ತದೆಂದು ಹಿಂದಿನ ದಿನವೇ ಹೋಗಿ ಹೊಸಪೇಟೆಯಲ್ಲಿ ಮಗಳನ್ನು ಕೊಟ್ಟ ಬೀಗರ ಮನೆಯಲ್ಲಿ ಉಳಿದೆ. ಅದೇ ನಾನು ಮಾಡಿದ ತಪ್ಪು.

ಬೆಳಿಗ್ಗೆ ಬೀಗಿತ್ತಿ ಮಂಡಕ್ಕಿ ಒಗ್ಗರಣಿ, ಮೇಲೆ ಎರಡು ಮಿರ್ಚಿ ಬಜ್ಜಿ ಇಟ್ಟುಕೊಂಡು ಬಂದು ನಿಂತರು.

"ತಿನ್ನಂಗಿಲ್ರಿ, ರಕ್ತ ಕೊಡಬೇಕು."

"ಇದೇನು ಊಟ ಏನ್ರಿ? ಮಂಡಕ್ಕಿ! ಬಾಯಾಗ ಹಾಕಿದ್ರ ಗಾಳಿ."

"ಬ್ಯಾಡ್ರಿ."

"ಬೀಗರು ಬರೀ ಹೊಟ್ಟಿಲೆ ಹೊಸ್ತಿಲು ದಾಟಿದ್ರು ಅಂದ್ರ ನಾಳೆ ನಿಮ್ಮ ಮಗಳಿಗೆ ನಾನು ಹೆಂಗ ಮುಖ ತೋರಿಸ್ಲಿ?" ಎಂದು ಸೆರಗು ಕಣ್ಣಿಗೆ ಒತ್ತಿದರು. ಮೂರು ತಿಂಗಳಿಂದ ಮನೆಯಲ್ಲಿ ಮಿರ್ಚಿಯ ಮುಖ ಕಂಡಿರಲಿಲ್ಲ. ಬೀಗಿತ್ತಿಯ ಮರ್ಯಾದೆಗೆಂದು ಎರಡೇ ಚಮಚ ತಿಂದೆ. ಮಿರ್ಚಿ ನನ್ನ ಮರ್ಯಾದೆಗೆ.

ಆಸ್ಪತ್ರೆಯಲ್ಲಿ ಸಿಸ್ಟರ್ ಕೇಳಿದರು, "ಏನರ ತಿಂದೀರೇನ್ರಿ?"

"ಏನೂ ಇಲ್ಲ" ಎಂದೆ.

ಸಿಸ್ಟರ್ ಸೂಜಿ ಕೆಳಗಿಟ್ಟು, ನನ್ನ ಮೀಸೆಯಿಂದ ಒಂದು ಮಂಡಕ್ಕಿ ಕಾಳು ತೆಗೆದು ಮೇಜಿನ ಮೇಲಿಟ್ಟರು. "ನೀವು ತಿಂದಿಲ್ಲ ಬಿಡ್ರಿ, ಮೀಸಿ ತಿಂದೈತಿ. ಮುಂದಿನ ವಾರ ಇಬ್ಬರೂ ಉಪವಾಸ ಇದ್ದು ಬರ್ರಿ."

೪. ಮೂರು ಬಾಟಲಿ

ಮುಂದಿನ ವಾರ ಸರಿಯಾಗಿ ಉಪವಾಸ ಹೋಗಿ ಕೊನೆಗೂ ಸೇರಿದೆ. ತಿಂಗಳಿಗೊಂದು ಬಾಟಲಿ, ಬರೆಯಲು ಒಂದು ಡೈರಿ. ನಾನು ಅದನ್ನು ಬಸ್ಸಿನ ಲಾಗ್‌ಬುಕ್ಕಿನ ಹಾಗೆಯೇ ಬರೆದೆ. ಗುಳಿಗೆ ಹೊರಟ ಸಮಯ ೬:೧೦, ತಲುಪಿದ ಸಮಯ ೬:೧೧.

ಮೂರು ತಿಂಗಳಾದ ಮೇಲೆ ಬಾಟಲಿಗಳನ್ನೆಲ್ಲ ತರಿಸಿಕೊಂಡು ಸಿಸ್ಟರ್ ಉಳಿದ ಗುಳಿಗೆ ಎಣಿಸಿದರು. ಮತ್ತೆ ಎಣಿಸಿದರು. ಪ್ರತಿ ಬಾಟಲಿಯಲ್ಲೂ ಒಂದೊಂದು ಕಡಿಮೆ.

"ಒಂದೇ ದಿನ ಎರಡು ನುಂಗಿದ್ರಾ?" ಎಂದರು ಡಾಕ್ಟರು.

"ಇಲ್ಲ ಸಾರ್. ಡೈರಿ ನೋಡ್ರಿ."

"ಹಾಗಾದ್ರೆ ಮೂರು ಗುಳಿಗೆ ಎಲ್ಲಿ ಹೋದವು? ಲೆಕ್ಕ ಸಿಗದಿದ್ರೆ ನಿಮ್ಮನ್ನ ಟ್ರಯಲ್‌ನಿಂದ ಕೈಬಿಡಬೇಕಾಗುತ್ತೆ."

ಅಪ್ಪನಿಗೂ ಅಣ್ಣನಿಗೂ ಸಿಗದ ಒಂದು ದಾರಿ ನನಗೆ ಸಿಕ್ಕಿತ್ತು. ಅದೂ ಹೋದರೆ ಏನು ಮಾಡಲಿ ಎಂದು ನಿಜವಾಗಿಯೂ ಅಳು ಬರುವ ಹಾಗಾಯಿತು. ಆಗ ಪಕ್ಕದಲ್ಲಿದ್ದ ಹೆಂಡತಿ ಸೆರಗು ಸರಿಮಾಡಿಕೊಂಡಳು.

"ಇವರನ್ನ ಬೈಬ್ಯಾಡ್ರಿ. ಅವನ್ನ ನಾನು ನುಂಗೀನಿ."

ಡಾಕ್ಟರ ಪೆನ್ನು ಅಲ್ಲಿಯೇ ನಿಂತಿತು.

"ಹೊಸ ಬಾಟ್ಲಿ ತಂದ ದಿನ ಸಂಜಿಗೆ ಮೊದಲು ನಾನೊಂದು ನುಂಗ್ತೀನ್ರಿ. ಬೆಳಿಗ್ಗೆ ನನ್ನ ಕೈಕಾಲು ಆಡಿದ್ರ, ಆಮ್ಯಾಲೆ ಇವರಿಗೆ ಕೊಡ್ತೀನಿ. ನಿಮಗೂ ಗೊತ್ತಿಲ್ಲ ಅಂದ್ರಿ, ಇವರಿಗೂ ಗೊತ್ತಿಲ್ಲ ಅಂದ್ರಿ. ಮನ್ಯಾಗ ಒಬ್ಬರಿಗರ ಗೊತ್ತಿರಬೇಕಲ್ರಿ?"

"ಬೇರೆ ಯಾರೂ ನುಂಗಬಾರದು ಅಂತ ಒಂಬತ್ತನೇ ಪುಟದಲ್ಲಿ ಇತ್ತಲ್ಲಮ್ಮ! ಎರಡು ಸಲ ಓದಿಸಿದ್ರಿ!"

"ಕೇಳೀನ್ರಿ. ಆದ್ರ ಆ ಪುಟ ಬರದಾಕಿ ಗಂಡ ಈ ಗುಳಿಗಿ ನುಂಗಾಕ ಹತ್ತಿಲ್ಲಲ್ರಿ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವಳು ನನಗೆ ಒಂದೂ ಸಿಹಿಮಾತು ಆಡಿದ ನೆನಪಿಲ್ಲ. ನಾನು ಕಣ್ಣೊರೆಸಿಕೊಳ್ಳುವ ಹೊತ್ತಿಗೆ ಸಿಸ್ಟರ್ ಫಾರಂ ತಿರುವಿ ತಿರುವಿ ನೋಡಿ, "ಸಾರ್, ಇದನ್ನ ಯಾವ ಕಾಲಂನಾಗ ಬರೀಲಿ?" ಎಂದರು.

ಡಾಕ್ಟರು ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದು ಕಳಿಸಿದರು. ಒಂದು ವಾರ ನನಗೆ ಅನ್ನ ಸೇರಲಿಲ್ಲ. ಬಸ್ಸಿನಲ್ಲಿ ಫಿಟ್ಟರ್ ಕೂಡ ತಮಾಷೆ ಬಿಟ್ಟಿದ್ದ. ಕೊನೆಗೆ ಫೋನ್ ಬಂತು. ನಾನು ಮುಂದುವರಿಯಬಹುದು, ಬಾಟಲಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಬೀಗದ ಕೈ ಮಾತ್ರ ನನ್ನ ಹತ್ತಿರವೇ ಇರಬೇಕು. ಹೆಂಡತಿಯೂ ಗುಳಿಗೆ ನುಂಗಿದ್ದರಿಂದ ಅವಳ ರಕ್ತವನ್ನೂ ನೋಡಬೇಕು.

ನೋಡಿದರೆ ಅವಳದೂ ಕೊಲೆಸ್ಟ್ರಾಲ್ ಏರಿತ್ತು! ವಿಚಾರಿಸಿದಾಗ ತಿಳಿಯಿತು, ನನಗೆ ಬಂದ್ ಮಾಡಿದ ಮಿರ್ಚಿಗಳನ್ನು ಹಾಳಾಗಬಾರದೆಂದು ತಾನೇ ತಿನ್ನುತ್ತಿದ್ದಳಂತೆ. ಡಾಕ್ಟರು ಅವಳಿಗೆ ಎಲ್ಲರಿಗೂ ಕೊಡುವ ಮಾಮೂಲಿ ಗುಳಿಗೆ ಬರೆದುಕೊಟ್ಟರು.

ಮರುದಿನ ಬೆಳಿಗ್ಗೆ ಅವಳು ಅಂಗೈಯಲ್ಲಿ ಗುಳಿಗೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದಳು. ನಾನು ಅಡ್ಡ ಕೈ ಹಾಕಿದೆ.

"ತಡಿ. ಮೊದಲು ನಾನೊಂದು ನುಂಗಿ ನೋಡ್ತೀನಿ. ನಾಳೆ ನನ್ನ ಕೈಕಾಲು ಆಡಿದ್ರ ನೀ ನುಂಗು."

ಅವಳು ನನ್ನ ಕೈ ಸರಿಸಿ, ಗುಳಿಗೆ ಬಾಯಿಗೆ ಹಾಕಿ, ನೀರು ಕುಡಿದು, ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟಳು.

"ಒಂಬತ್ತನೇ ಪುಟ. ಬ್ಯಾರೆ ಗುಳಿಗಿ ಮುಟ್ಟಂಗಿಲ್ಲ. ಸಹಿ ಹಾಕೀರಿ, ನೆನಪೈತಿಲ್ಲೋ?"