ಎಂಟೂ ಹದಿನಾಲ್ಕರ ಆಕಾಶ

ಬೆಳಗ್ಗೆ ಆರೂ ಇಪ್ಪತ್ತು. ವಿನಾರ್ನೊನ ಆಕಾಶ ಕೊಳಕಾಗಿತ್ತು.

ಆಕಾಶವೆಂದರೆ ಅವನ ಕಂಪ್ಯೂಟರಿನೊಳಗಿನದು. ಎಂಟು ದಿನದ ಹಿಂದೆ, ಉಪವಾಸದ ತಿಂಗಳು ಮುಗಿದು ಬರುವ ಲೆಬರಾನ್ ಹಬ್ಬದ ಮುನ್ನಾರಾತ್ರಿ, ಸೋಲೊ ಪಟ್ಟಣದ ತಮ್ಮ ಓಣಿಯಲ್ಲಿ ಹೊರಟ ಲಾಂದ್ರದ ಮೆರವಣಿಗೆಯನ್ನು ಅವನು ಹಿಮ್ಮುಖವಾಗಿ ನಡೆಯುತ್ತ, ಒಮ್ಮೆ ಚರಂಡಿಗೂ ಕಾಲಿಟ್ಟು, ಚಿತ್ರೀಕರಿಸಿದ್ದ. ಜನ ಚೆನ್ನಾಗಿ ಬಂದಿದ್ದರು. ಮೇಲೆ ಮಾತ್ರ ಪಟಾಕಿ ಹೊಗೆ, ಕಸ ಸುಟ್ಟ ಹೊಗೆ. ಅದರ ನಡುವೆ ಮಸೀದಿಯ ಹಿಂದಿನಿಂದ ಎದ್ದು ಮೂರು ಸೆಕೆಂಡು ಉರಿದ ಒಂದು ಬಿಳಿ ಗೆರೆ.

‘ಯಾವನ ರಾಕೆಟ್ಟೋ ಇದು’ ಎಂದು ಗೊಣಗಿ ವಿನಾರ್ನೊ ಕುರ್ಚಿ ಎಳೆದುಕೊಂಡ.

ಸಂಜೆ ನಾಲ್ಕಕ್ಕೆ ವಾರ್ಡ್ ಕಚೇರಿಯಲ್ಲಿ ಹಲಾಲ್ ಬಿಹಲಾಲ್. ಹಬ್ಬ ಕಳೆದ ಮೇಲೆ ಎಲ್ಲರೂ ಕೈ ಮುಟ್ಟಿ ಪರಸ್ಪರ ಕ್ಷಮೆ ಕೇಳುವ ಕೂಟ. ಅಲ್ಲೇ ಏಳು ಓಣಿಗಳ ವೀಡಿಯೊ ಸ್ಪರ್ಧೆ. ವಿಷಯ, ‘ನಮ್ಮ ಸ್ವಚ್ಛ ಓಣಿ’. ಗೆದ್ದವನಿಗೆ ಕಚೇರಿಯ ಕಾಯಂ ವೀಡಿಯೊಗ್ರಾಫರ್ ಕೆಲಸ, ಜೊತೆಗೆ ಸಮವಸ್ತ್ರ. ಸೋತರೆ ನಾಳೆಯಿಂದ ಅತ್ತೆಯ ಅಂಗಡಿಯಲ್ಲಿ ಸೋಯಾ ಕಾಳಿನ ತೆಂಪೆ ಬಿಲ್ಲೆ ಕರಿಯುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಕೆಲಸ ಹೇಳಲು ಸುಲಭ. ತಲೆ, ಮಾಡು, ತಂತಿಗಳ ಅಂಚಿನಲ್ಲಿ ಗೆರೆ ಎಳೆದು ಹಳೆಯ ಆಕಾಶವನ್ನು ಕತ್ತರಿಸಬೇಕು. ಹೊಸದನ್ನು ಹಿಂದೆ ಇಡಬೇಕು. ಕ್ಯಾಮೆರಾ ಅಲುಗಿದಂತೆ ಅದೂ ಅಲುಗಬೇಕು; ಅದಕ್ಕಾಗಿ ಚಿತ್ರದಲ್ಲಿ ಕದಲದ ಒಂದು ಗುರುತು ಹಿಡಿದು ಆಕಾಶವನ್ನು ಅದಕ್ಕೆ ಕಟ್ಟಬೇಕು. ನಲವತ್ತು ಸೆಕೆಂಡಿಗೆ ಒಂದು ಸಾವಿರ ಚಿತ್ರಗಳು. ವಿನಾರ್ನೊ ಒಂದನೆಯದರಿಂದ ಶುರುಮಾಡಿದ.

ಎಂಟು ಗಂಟೆಗೆ ಎದುರುಮನೆಯ ಬು ಲಸ್ತ್ರಿ ಕಾಫಿ ತಂದಳು. ಅಲ್ಲಿ ಹಿರಿಯ ಹೆಂಗಸರಿಗೆ ಬು, ಹಿರಿಯ ಗಂಡಸರಿಗೆ ಪಾಕ್, ಹುಡುಗರಿಗೆ ಮಾಸ್ ಎನ್ನುವುದು ವಾಡಿಕೆ. ಹಬ್ಬಕ್ಕೆಂದೇ ಗುಂಗುರು ಮಾಡಿಸಿದ ಅವಳ ಕೂದಲು ತೆಂಗಿನ ನಾರಿನಂತೆ ಎಲ್ಲ ದಿಕ್ಕಿಗೂ ನಿಂತಿತ್ತು.

“ಮಾಸ್, ನನ್ನ ಜಾಗದಲ್ಲಿ ನಡೀತಿರೋ ಈ ಬೋಳಿ ಯಾರು?”

“ಅದು ನೀವೇ, ಬು. ಕೂದಲು ಆಕಾಶದ ಜೊತೆ ಹೋಗ್ಬಿಟ್ಟಿದೆ.”

“ಮೂರು ಗಂಟೆ ಕೂತು ಮಾಡಿಸಿದ್ದು. ಒಂದೆಳೆ ಕಮ್ಮಿಯಾದ್ರೂ ನಾನಿಲ್ಲಿಂದ ಏಳಲ್ಲ.”

ಅವಳು ಎದ್ದದ್ದು ಒಂಬತ್ತೂವರೆಗೆ, ಎಲ್ಲ ಗುಂಗುರೂ ವಾಪಸು ಬಂದ ಮೇಲೆ.

ಆಗ ಓಣಿಯ ಮುಖ್ಯಸ್ಥ ಪಾಕ್ ಹರ್ಜೊ ಬಂದರು. ಚಿತ್ರದಲ್ಲಿ ನಕ್ಷತ್ರಾಕಾರದ ಲಾಂದ್ರ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದವರು ಅವರೇ. ಹೊಸ ಆಕಾಶ ನೋಡಿ ಅವರ ಮುಖ ಅರಳಿತು. “ಭೇಷ್. ನಾನು ಬಗ್ಗಿದ್ರೆ ಆಕಾಶನೂ ಬಗ್ತಾ ಇದೆ.”

ವಿನಾರ್ನೊ ಹತ್ತಿರದಿಂದ ನೋಡಿದ. ಆಕಾಶವನ್ನು ಮಸೀದಿಯ ದೀಪಕ್ಕೆ ಕಟ್ಟಿದ್ದೇನೆ ಎಂದುಕೊಂಡವನು ಹರ್ಜೊ ಅವರ ಲಾಂದ್ರಕ್ಕೆ ಕಟ್ಟಿದ್ದ. ಅವರು ಕೈ ಬದಲಿಸಿದಾಗೆಲ್ಲ ನಕ್ಷತ್ರಗಳು ಮೊರದಲ್ಲಿ ಕೇರಿದ ಅಕ್ಕಿಯಂತೆ ಹಾರುತ್ತಿದ್ದವು.

“ತಪ್ಪಾಗಿದೆ ಪಾಕ್, ಸರಿ ಮಾಡ್ತೀನಿ.”

“ಯಾಕಪ್ಪ? ಮೂವತ್ತು ವರ್ಷದಿಂದ ಈ ಓಣಿಗೆ ದುಡಿದಿದೀನಿ, ಇಷ್ಟಾದ್ರೂ ಮರ್ಯಾದೆ ಬೇಡ್ವಾ? ಹೋಗ್ಲಿ, ಒಂದು ಚಂದ್ರನನ್ನಾದ್ರೂ ಹಾಕು. ದೊಡ್ಡದು.”

ಕೆಲಸ ಕೊಡುವ ಕಾಗದಕ್ಕೆ ಮುಖ್ಯಸ್ಥರ ರುಜುವೂ ಬೇಕಿತ್ತು. ವಿನಾರ್ನೊ ಆಕಾಶವನ್ನು ಮಸೀದಿಯ ಮೈಕಿನ ಕಂಬಕ್ಕೆ ಕಟ್ಟಿದ. ಊಟದ ತಟ್ಟೆಯಷ್ಟು ದೊಡ್ಡ ಹುಣ್ಣಿಮೆ ಚಂದ್ರನನ್ನು ತಂದು ನಿಲ್ಲಿಸಿದ.

ಹನ್ನೊಂದೂಕಾಲಿಗೆ ಮಸೀದಿಯ ಗುರು ಪಾಕ್ ಮಹ್ಫುದ್ ಬಾಗಿಲಲ್ಲಿ ಇಣುಕಿ, ಎರಡು ಸಲ ನೋಡಿದರು.

“ಇದು ಯಾವ ರಾತ್ರಿ, ಮಗಾ?”

“ಹಬ್ಬದ ಮುನ್ನಾರಾತ್ರಿ, ಪಾಕ್.”

“ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಂಡ ಮೇಲೆ ನಮಗೆ ಹಬ್ಬ. ಇಲ್ಲಿ ಹುಣ್ಣಿಮೆ ಇದೆ. ಅಂದ್ರೆ ನಾವು ಹದಿನೈದು ದಿನ ಜಾಸ್ತಿ ಉಪವಾಸ ಮಾಡಿದ್ವಾ?”

ವಿನಾರ್ನೊ ಹುಣ್ಣಿಮೆ ತೆಗೆದು ಎಳೆ ಚಂದ್ರನನ್ನಿಟ್ಟ.

“ಚಿತ್ರದಲ್ಲಿ ಮಸೀದಿ ಗಡಿಯಾರ ನೋಡು. ಎಂಟೂ ಹದಿನಾಲ್ಕು. ಅಷ್ಟೊತ್ತಿಗೆ ಅದು ಮುಳುಗಿ ಬಹಳ ಹೊತ್ತಾಗಿತ್ತು.”

ಎಳೆ ಚಂದ್ರನೂ ಹೋದ. ಹರ್ಜೊ ಮುಖ ಊದಿಸಿಕೊಂಡು ಅಲ್ಲೇ ಕುಳಿತರು.

ಇನ್ನು ಉಳಿದದ್ದು ಬಿಳಿ ಗೆರೆಯ ಕುರುಹು. ಮೇಲಿನಿಂದ ಅಳಿಸಿದ್ದರೂ ಅದರ ಹೊಳಪು ತಂತಿಗಳ ಮೇಲೆ, ತಗಡಿನ ಮಾಡಿನ ಮೇಲೆ, ಹರ್ಜೊ ಅವರ ಕನ್ನಡಕದ ಎರಡೂ ಗಾಜಿನಲ್ಲಿ ಇತ್ತು. ವಿನಾರ್ನೊ ಹಲ್ಲು ಕಚ್ಚಿ ಎಪ್ಪತ್ತೈದು ಚಿತ್ರಗಳಲ್ಲಿ ಒಂದೊಂದಾಗಿ ಕನ್ನಡಕ ಒರೆಸಿದ. ಊಟ ಮಾಡಲಿಲ್ಲ. ಮೂರೂ ಇಪ್ಪತ್ತೆಂಟಕ್ಕೆ, ಗಡುವಿಗೆ ಎರಡು ನಿಮಿಷ ಇರುವಾಗ, ವೀಡಿಯೊ ಕಚೇರಿ ತಲುಪಿತು.

ಸಭಾಂಗಣದಲ್ಲಿ ಅದನ್ನು ನೋಡಿ ಜನ ಚಪ್ಪಾಳೆ ತಟ್ಟಿದರು. ತೊಳೆದಿಟ್ಟಂಥ ಆಕಾಶ, ಎಣಿಸಬಹುದಾದ ನಕ್ಷತ್ರಗಳು. ವಾರ್ಡಿನ ಅಧಿಕಾರಿಣಿ ಬು ಕುಸ್ತಿಯಾ ಪಕ್ಕದವರಿಗೆ, “ಈ ಹುಡುಗನಿಗೇ ಕೊಡೋಣ” ಎಂದದ್ದು ಮೂರನೆಯ ಸಾಲಿನವರೆಗೂ ಕೇಳಿಸಿತು. ವಿನಾರ್ನೊ ಶರ್ಟಿನ ಗುಂಡಿ ಹಾಕಿಕೊಂಡ.

ಆಗ ತೀರ್ಪುಗಾರರ ಪೈಕಿ ಒಬ್ಬರು ಎದ್ದರು. ಖಗೋಳ ವೀಕ್ಷಣಾಲಯದವರು, ಹೆಸರು ಬು ಎಂದಾಂಗ್.

“ಆ ರಾತ್ರಿ ಎಂಟೂ ಹದಿನಾಲ್ಕಕ್ಕೆ ಈ ಪಟ್ಟಣದ ಮೇಲೆ ದೊಡ್ಡದೊಂದು ಉಲ್ಕೆ ಉರಿದುಹೋಯ್ತು. ಪಟಾಕಿ ಗಲಾಟೇಲಿ ನೀವು ಗಮನಿಸಿಲ್ಲ, ಸುತ್ತಲ ಹಳ್ಳಿಯವರು ನೋಡಿದಾರೆ. ಎಂಟು ದಿನದಿಂದ ಒಂದು ಚಿತ್ರಕ್ಕಾಗಿ ಹುಡುಕ್ತಾ ಇದೀವಿ. ಇಲ್ಲಿ ಗಡಿಯಾರ ಅದೇ ಹೊತ್ತು ತೋರಿಸ್ತಿದೆ, ದಿಕ್ಕೂ ಅದೇ. ಆಕಾಶದಲ್ಲಿ ಮಾತ್ರ ಏನೂ ಇಲ್ಲ. ಯಾಕೆ?”

ವಿನಾರ್ನೊ ಎರಡು ಕುರ್ಚಿ ದಾಟಿ ವೇದಿಕೆಗೆ ಓಡಿದ. “ಇದೆ, ಬು. ಅಸಲು ನನ್ನ ಹತ್ರ ಇದೆ.”

ಲ್ಯಾಪ್‌ಟಾಪಿನಿಂದ ಅಸಲನ್ನು ಹಾಕಿದ. ಹೊಗೆ ಸೀಳಿಕೊಂಡು ಬಿಳಿ ಗೆರೆ ಹಾಯಿತು. ತಂತಿ, ಮಾಡು, ಕನ್ನಡಕ ಎಲ್ಲವೂ ಬೆಳಗಿದವು.

“ಎರಡೂ ನಿಮ್ಮ ಲ್ಯಾಪ್‌ಟಾಪಿಂದಲೇ ಬಂದಿವೆ,” ಎಂದರು ಬು ಎಂದಾಂಗ್. “ಯಾವುದು ಅಂಟಿಸಿದ್ದು, ಯಾವುದು ಅಸಲು? ಕ್ಯಾಮೆರಾದ ಕಾರ್ಡ್ ಇದ್ರೆ ಕೊಡಿ, ಗೊತ್ತಾಗುತ್ತೆ.”

“ಕಾರ್ಡ್ ನನ್ನದು,” ಹರ್ಜೊ ಎದ್ದು ನಿಂತರು. “ಎಲ್ಲಾ ಅಳಿಸಿ ಮೊಮ್ಮಗನ ಸುನ್ನತಿ ವೀಡಿಯೊ ತೆಗೆದಿದೀವಿ.” ವಿನಾರ್ನೊನ ಮುಖ ಕಳೆಗುಂದಿದ್ದು ನೋಡಿ ಸಹಾಯಕ್ಕೂ ಬಂದರು: “ನಮ್ಮ ಮಾಸ್‌ನ ಕೈಚಳಕ ನಿಮಗೆ ಗೊತ್ತಿಲ್ಲ, ಬು. ಬೆಳಗ್ಗೆ ನನ್ನ ಕಣ್ಣೆದುರಿಗೇ ಹುಣ್ಣಿಮೆ ತಂದಿಟ್ಟ. ಈ ಉಲ್ಕೆ ಯಾವ ಲೆಕ್ಕ?”

“ನನ್ನ ಕೂದಲು ತೆಗೆದು ವಾಪಸ್ ಅಂಟಿಸಿದ,” ಎಂದಳು ಬು ಲಸ್ತ್ರಿ ಹೆಮ್ಮೆಯಿಂದ. “ಒಂದೆಳೆ ಹೆಚ್ಚುಕಮ್ಮಿ ಇಲ್ಲ.”

ಪಾಕ್ ಮಹ್ಫುದ್ ಸುಳ್ಳು ಹೇಳುವವರಲ್ಲ. ಬು ಎಂದಾಂಗ್ ಗುರುಗಳತ್ತ ತಿರುಗಿದಾಗ ಅವರು ನೆಲ ನೋಡುತ್ತ, “ಎಳೆ ಚಂದ್ರನನ್ನೂ ಹಾಕಿದ್ದ,” ಎಂದರು.

ಬು ಎಂದಾಂಗ್ ತಮ್ಮ ಪುಸ್ತಕ ಮುಚ್ಚಿದರು. ಕೆಲಸ ಮೂರನೆಯ ಓಣಿಯ ಒಬ್ಬನಿಗೆ ಹೋಯಿತು. ಅವನು ಫೋನಿನಲ್ಲಿ ಚರಂಡಿ ಗುಡಿಸುವುದನ್ನು ತೆಗೆದಿದ್ದ, ಅದರಲ್ಲಿ ಆಕಾಶವೇ ಇರಲಿಲ್ಲ. ಕೂಟದ ಪದ್ಧತಿಯಂತೆ ಎಲ್ಲರೂ ಸಾಲಾಗಿ ಬಂದು ವಿನಾರ್ನೊನ ಕೈ ಮುಟ್ಟಿ ಕ್ಷಮೆ ಕೇಳಿದರು. ಅವನೂ ಕೇಳಿದ.

ಮರುದಿನ ಬೆಳಗ್ಗೆ ಏಳಕ್ಕೆ ಅವನು ಬಾಣಲೆಯ ಮುಂದೆ ನಿಂತಿದ್ದಾಗ ಪಾಕ್ ಹರ್ಜೊ ಮಗಳ ಮದುವೆಯ ವೀಡಿಯೊ ತಂದರು. ಅವರ ಹಿಂದೆ ಇನ್ನೂ ನಾಲ್ವರಿದ್ದರು. ಐವರಿಗೂ ತಮ್ಮ ತಮ್ಮ ವೀಡಿಯೊದಲ್ಲಿ ಆ ಉಲ್ಕೆ ಬೇಕಿತ್ತು.